ಸಾಕು ಅಂದ್ರೆ ಇನ್ನೆರಡು ತುತ್ತು

...ಮುಖ ಸಿಂಡರಿಸಬೇಡ ಮಾರಾಯ, ನಿನ್ನೆಯ ಬೇಳೆಕಟ್ಟಲ್ಲ ಇದು! ಕುಂಬಳಕಾಯಿ. ಮೆತ್ತಗೆ ಬೇಯಿಸಿ, ಮಿಕ್ಸಿಗೆ ಹಾಕಿ, ಹಾಲು ಬೆರೆಸಿ, ಜರಡಿಯಲ್ಲಿ ಸೋಸಿ, ಆಮೇಲೆ ಬಟ್ಟೆಯಲ್ಲೂ ಸೋಸಿದ್ದೀನಿ. ನಿನ್ನೆ ಒಂದು ಟೊಮೆಟೊ ಬೀಜ ಹಲ್ಲಿನ ತಂತಿಗೆ ಸಿಕ್ಕಿಹಾಕಿಕೊಂಡು ಏನು ಒದ್ದಾಡಿದೆ! ಒಂದು ಬೀಜ ಕಣೋ. ಮನೆಯವರನ್ನೆಲ್ಲ ಕುಣಿಸಿಬಿಡ್ತು.

ದಿಂಬಿಗೆ ಒರಗಿಕೋ. ಹಾಂ. ಕೆನ್ನೆ ಈ ಕಡೆ ತಿರುಗಿಸು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ರೂ ಕಡೇ ಹಲ್ಲಿನ ಹಿಂದೆ ಒಂದು ಸಂದಿ ಇದೆ, ಅಲ್ಲಿ ಟ್ಯೂಬ್ ಇಟ್ಟು ಸಿರಿಂಜ್ ನಿಧಾನಕ್ಕೆ ಒತ್ತಿ ಅಂದಿದ್ದಾರೆ ಡಾಕ್ಟರು. ನಿಧಾನಕ್ಕೆ... ನೋಡು, ಹೋಯ್ತು. ನುಂಗು. ಯಾಕೆ ನಗ್ತೀಯಾ? ಟೈರ್ ಅಂಗಡಿಯವಳು ತಮ್ಮನಿಗೂ ಟ್ಯೂಬ್ ಹಾಕ್ತಿದ್ದಾಳೆ ಅಂತಾನಾ? ...ನಗಲಿಲ್ವಾ. ನಕ್ಕೆ ಅಂದುಕೊಂಡೆ.

ಕಟ್ಟರ್ ಇದೆ, ಹೆದರಬೇಡ, ಮಂಚದ ಮೇಲೇ ಇದೆ. ವಾಂತಿ ಬಂದ್ರೆ, ಉಸಿರು ಕಟ್ಟಿದ್ರೆ, ಹಿಂದೆಮುಂದೆ ನೋಡದೆ ತಂತಿ ಕತ್ತರಿಸಿಬಿಡಿ ಅಂತ ಆಸ್ಪತ್ರೆಯಲ್ಲಿ ನರ್ಸಮ್ಮ ಬಿಡಿಸಿ ಬಿಡಿಸಿ ಹೇಳಿಕೊಟ್ಟರು. ನನಗೆ! ಕಟ್ಟರ್ ಹಿಡಿಯೋದನ್ನ ನನಗೆ ಹೇಳಿಕೊಡ್ತಾರಂತೆ!

ಬಾಗಿಲ ಕಡೆ ನೋಡಬೇಡ. ಅವರು ಕಾಯ್ತಾರೆ. ರೋಗಿಯ ಊಟ ಮುಗಿಯೋವರೆಗೂ ಒಳಗೆ ಬಿಡಲ್ಲ ಅಂತ ಇನ್ಸ್‌ಪೆಕ್ಟರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೀನಿ. ನಿನ್ನ ಭಾವ ಮಾತಾಡಿಸ್ತಿದ್ದಾರೆ... ಕೇಳು, ಕೇಳು, ಆಗಲೇ ಮಂಡಿನೋವಿನ ಪುರಾಣ ಬಿಚ್ಚಿದ್ರು! ಇನ್ನು ಆ ಮನುಷ್ಯ ತಾನಾಗೇ ಎದ್ದು ಓಡಿಹೋದ್ರೂ ಹೋದ್ರು.

ಓಡಿಹೋಗಲ್ಲ. ಗೊತ್ತು.

ಇದೊಂದು ನುಂಗು, ಹೇಳ್ತೀನಿ. ಅವರು ಕೇಳೋದು ಒಂದೇ ಮಾತು. ಲಾರಿ ಟೈರಿಗೆ ಗಾಳಿ ತುಂಬೋವಾಗ ರಿಮ್ಮಿನ ಕಬ್ಬಿಣದ ರಿಂಗ್ ಹಾರಿ ನಿನ್ನ ದವಡೆಗೆ ಬಡೀತಲ್ಲ, ಅದಕ್ಕೆ ಮುಂಚೆ ನೀನು ‘ಸಾಕು’ ಅಂತ ಕೂಗಿದೆಯಾ, ಇಲ್ವಾ? ಅಷ್ಟೇ. ನಮ್ಮ ಅಂಗಡಿ ಪದ್ಧತಿ ಯಾರೋ ಅವರ ಕಿವಿಗೆ ಹಾಕಿದ್ದಾರೆ. ಟೈರ್ ಹತ್ರ ಕೂತೋನು ಸಾಕು ಅಂದ ಕೂಡಲೇ ಕಂಪ್ರೆಸರ್ ಹತ್ರ ನಿಂತೋರು ಗಾಳಿ ನಿಲ್ಲಿಸಬೇಕು. ಟೈರ್ ಹತ್ರ ನೀನು. ಕಂಪ್ರೆಸರ್ ಹತ್ರ ನಾನು.

ಕೂಗಿಲ್ಲ ಅಂತ ತಲೆ ಆಡಿಸು. ಮುಗೀತು. ಅಷ್ಟಾದ್ರೆ ಸಾ... ಅಷ್ಟಾದ್ರೆ ಆಯ್ತು. ರಿಂಗ್ ಹಳೇದು, ತುಕ್ಕು ಹಿಡಿದಿತ್ತು, ಹಾರಿತು. ಯಾರ ತಪ್ಪೂ ಅಲ್ಲ. ಎಲ್ಲಿ, ಒಂದ್ಸಲ ಆಡಿಸಿ ತೋರಿಸು ನೋಡೋಣ. ಎಡಕ್ಕೆ... ಬಲಕ್ಕೆ...

ಯಾಕೋ? ತಂತಿ ಹಾಕಿರೋದು ಹಲ್ಲಿಗೆ, ಕತ್ತಿಗಲ್ವಲ್ಲ!

ಸರಿ, ಈಗ ಬೇಡ. ಅವರ ಮುಂದೆ ಆಡಿಸು. ಹೌದು ಅಂತ ಆಡಿಸಿದೆ ಅಂತಿಟ್ಕೋ, ಅಂಗಡಿಗೆ ಬೀಗ. ಅಪ್ಪ ಕೈಬೊಬ್ಬೆ ಬರಿಸಿಕೊಂಡು ಕಟ್ಟಿದ ಅಂಗಡಿ. ಅದು ಹೋದ್ರೆ ನಾವು ಏನು ಮಾಡೋದು? ನನಗೆ ಟೈರ್ ಬಿಟ್ರೆ ಬೇರೇನು ಬರುತ್ತೆ? ಅಡುಗೆ ಎಷ್ಟು ಬರುತ್ತೆ ಅನ್ನೋದು ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ.

ಹೂಂ, ಇನ್ನೊಂದು. ಬಿಸಿ ಜಾಸ್ತಿ ಆಯ್ತಾ? ಉಗುರು ಬೆಚ್ಚಗಿದೆ, ಮಣಿಕಟ್ಟಿನ ಮೇಲೆ ಬಿಟ್ಟು ನೋಡೇ ತಂದಿದ್ದೀನಿ.

ನೀನು ಮಾತಾಡಲ್ಲ ಅಂತ ಬೀದಿಯವರಿಗೆಲ್ಲ ಹೇಳಿಕೊಂಡು ಬಂದೆ. ಪಾಪ, ಬಾಯಿಗೆ ತಂತಿ, ಹೇಗೆ ಮಾತಾಡ್ತಾನೆ ಅಂತ. ನರ್ಸಮ್ಮನಿಗೂ ಹಾಗೇ ಅಂದೆ. ಅವರು ನಕ್ಕುಬಿಟ್ರು! ‘ಯಾರು ಹೇಳಿದ್ದು? ಹಲ್ಲು ಕಚ್ಚಿಕೊಂಡೇ ನನ್ನ ಹತ್ರ ಕಿಟಕಿ ತೆಗೀರಿ ಅಂದ್ರಲ್ಲ.’ ಭಾವನ ಹತ್ರ ಮ್ಯಾಚ್ ಯಾರು ಗೆದ್ರು ಅಂತ ಕೇಳಿದೆಯಂತೆ. ಕಿಟಕಿಗೆ ಮಾತಿದೆ, ಮ್ಯಾಚಿಗೆ ಮಾತಿದೆ. ಅಕ್ಕನಿಗೆ ಮಾತ್ರ ಇಲ್ಲ. ಹೊಟ್ಟೆ ಉರೀತು ಕಣೋ. ಇರಲಿ. ಬಾಯಿ ಬಿಟ್ರೆ ಬಣ್ಣಗೇಡು ಅಂತಾರೆ, ಮುಚ್ಚಿಕೊಂಡೇ ಇರು. ಒಳ್ಳೇದೇ.

ಹಾಗೆ ದುರುಗುಟ್ಟಿಕೊಂಡು ನೋಡಬೇಡ! ಕೇಳಿಸಲಿಲ್ಲ ಅಂದೆ, ಕೇಳಿಸಲಿಲ್ಲ. ಎಷ್ಟು ಸಲ ಹೇಳ್ಲಿ? ಕಂಪ್ರೆಸರ್ ಗಡಗಡ ಅಂತಿತ್ತು. ಆ ಗಡಿಬಿಡಿ ಡ್ರೈವರ್ ಇಂಜಿನ್ ಬೇರೆ ಆಫ್ ಮಾಡಿರಲಿಲ್ಲ. ಆ ಗದ್ದಲದಲ್ಲಿ ನೀನು ಕೂಗಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನೀನು ಕೂಗಲಿಲ್ಲ ಅಂತಾನೇ ನನ್ನ ಲೆಕ್ಕ.

ಅಮ್ಮ ಹೋದಾಗ ನೀನು ಇನ್ನೂ ತೆವಳ್ತಿದ್ದೆ. ನಿನ್ನ ಸಾಕಿದ್ದು ಯಾರು? ಅಪ್ಪನಾ? ಅಪ್ಪ ಪಂಕ್ಚರ್ ಹಾಕ್ತಿದ್ರು. ಒಂದು ಕಂಕುಳಲ್ಲಿ ನೀನು, ಇನ್ನೊಂದು ಕೈಯಲ್ಲಿ ಅನ್ನದ ಬಟ್ಟಲು. ಟೈರ್ ಒಳಗೆ ಕೂರಿಸಿ ಉಣಿಸ್ತಿದ್ದೆ, ಎದ್ದು ಓಡಬಾರದು ಅಂತ. ಬೇರೆ ಮಕ್ಕಳು ಅಮ್ಮ ಅಂತ ಮಾತು ಕಲೀತವೆ, ನೀನು ಮೊದಲು ಕಲಿತ ಮಾತೇ ‘ಸಾಕು’! ಒಂದು ತುತ್ತಿಗೆ ಸಾಕು, ಎರಡಕ್ಕೆ ಸಾಕು. ಅಪ್ಪ ಬಿದ್ದುಬಿದ್ದು ನಗ್ತಿದ್ರು. ಆದ್ರೆ ನನಗೆ ನಿನ್ನ ಭಾಷೆ ಗೊತ್ತಿತ್ತು. ಇವನು ಸಾಕು ಅಂದ್ರೆ ಇನ್ನೆರಡು ತುತ್ತು ಹಿಡಿಯುತ್ತೆ ಅಂತ ಅರ್ಥ. ಮೂಗು ಹಿಡಿದಾದ್ರೂ ಸರಿ, ಆ ಎರಡು ತುತ್ತು ಒಳಗೆ ಹೋಗಬೇಕು. ಆ ಎರಡು ತುತ್ತಲ್ಲೇ ನೀನು ಬೆಳೆದಿದ್ದು ತಿಳ್ಕೋ! ನೀನು ಸಾಕು ಅಂದಾಗೆಲ್ಲ ನಾನೂ ಸಾಕು ಅಂತ ಕೈ ತೊಳೆದುಕೊಂಡಿದ್ರೆ ಒಣಕಡ್ಡಿ ಆಗಿರ್ತಿದ್ದೆ.

...ಏ, ಆಗಲೇ ಕೈ ಎತ್ತಿಬಿಟ್ಟೆಯಾ? ಅರ್ಧ ಬಟ್ಟಲು ಹಾಗೇ ಇದೆ. ಒಳಗೆ ಏನೂ ಇಳಿದೇ ಇಲ್ಲ. ಬಟ್ಟಲು ಖಾಲಿಯಾಗ್ಲಿ, ಆಮೇಲೆ ಅವರನ್ನ ಕರೆಯೋಣ, ಅವಸರ ಏನು? ಕೈ ಇಳಿಸು. ಇದೊಂದು. ಜಾಣ. ಇನ್ನೊಂದೇ ಒಂದು... ಇಳಿಸು ಅಂದೆ! ಒಂದೇ ಒಂ...

ಅಯ್ಯೋ! ಅಯ್ಯಯ್ಯೋ! ಮುಂದಕ್ಕೆ ಬಾಗು, ಬಾಗು, ಕೆಮ್ಮು! ಕಟ್ಟರ್... ಇಲ್ಲೇ ಇತ್ತಲ್ಲ... ಕಟ್ಟರ್ ಎಲ್ಲೋ... ಸಿಕ್ತು! ಕತ್ತರಿಸ್ಲಾ? ಹೇಳೋ, ಕತ್ತರಿಸ್ಲಾ? ಉಸಿರು ಬರ್ತಿದೆಯಾ? ಮೂಗಲ್ಲಿ ಎಳ್ಕೋ... ಹಾಂ... ಹಾಂ. ಬಂತು. ಬಂತು ಕಣಪ್ಪ, ಬಂತು.

...ಏನಿಲ್ಲ ರೀ! ಸ್ವಲ್ಪ ಕೆಮ್ಮು, ಅಷ್ಟೇ! ಅಲ್ಲೇ ಕೂತ್ಕೊಳ್ಳಿ!

ನನ್ನ ಪ್ರಾಣ ತೆಗೆದುಬಿಟ್ಟೆ. ಇರು, ಕತ್ತು ಒರೆಸ್ತೀನಿ, ಅಂಗಿಯೆಲ್ಲ ಹಳದಿ... ನೀನು ಕೈ ಎತ್ತಿದ್ದು ನೋಡಿದೆ ಕಣೋ, ನೋಡಲಿಲ್ಲ ಅಂತಲ್ಲ. ನಿನ್ನ ಸಾಕು ಯಾವಾಗಲೂ ಹಾಗೇ ಅಲ್ವಾ, ಇನ್ನೂ ಸ್ವಲ್ಪ ಹಿಡಿಯುತ್ತೆ ಅಂದುಕೊಂಡೆ. ಅವತ್ತೂ ಅದೇ ಆಗಿದ್ದು, ನೀನು ಎರಡನೇ ಸಲ ಕೂಗಿದಾಗಲಾದ್ರೂ ನಿಲ್ಲಿಸಬೇಕಿತ್ತು, ಆ ಡ್ರೈವರ್ ಬೇರೆ ಇನ್ನೊಂಚೂರು ಹೊಡೀರಕ್ಕಾ, ಹೊಡೀರಕ್ಕಾ ಅಂತ...

...

ಯಾಕೆ ಹಾಗೆ ನೋಡ್ತೀಯ?

ನಾನು ಏನಂದೆ? ಏನೂ ಅನ್ನಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದಿದ್ದು... ಏನೂ ಅನ್ನಲಿಲ್ಲ ನಾನು.

ಏನಾದ್ರೂ ಅನ್ನೋ. ಬೈಯೋ. ಹಲ್ಲು ಕಚ್ಚಿಕೊಂಡೇ ಬೈ, ಕಿಟಕಿ ತೆಗಿ ಅಂದೆಯಲ್ಲ ಹಾಗೆ. ಹಾಳಾದವಳೇ ಅನ್ನು. ಇಷ್ಟು ದಿನ ಹೀಗೇ ನೋಡ್ಕೊಂಡು ಬಿದ್ದಿದ್ದೆಯಾ? ನಾನಾಗೇ ಹೇಳ್ತೀನೇನೋ ಅಂತ? ನಾನು ಕುಂಬಳಕಾಯಿ ಸೋಸ್ತಿದ್ದೆ. ಬಟ್ಟೆಯಲ್ಲಿ ಸೋಸ್ತಿದ್ದೆ.

ತಲೆ ಆಡಿಸಬೇಡ. ಬೇಡ. ಈಗ ಎಡಕ್ಕೂ ಬೇಡ, ಬಲಕ್ಕೂ ಬೇಡ. ನನಗೋಸ್ಕರ ನೀನು ಸುಳ್ಳಿಗೆ ಕತ್ತು ಆಡಿಸಬೇಡ ಮರಿ. ಅಳಬೇಡ, ಮೂಗು ಕಟ್ಟಿದ್ರೆ ಉಸಿರಾಡೋಕೆ ಬೇರೆ ದಾರಿ ಇಲ್ಲ ನಿನಗೆ. ಒರಗಿಕೋ. ಬಟ್ಟಲು ತೆಗೆದಿಟ್ಟೆ, ನೋಡು. ಸಿರಿಂಜೂ ಇಟ್ಟೆ.

ರೀ... ಅವರನ್ನ ಒಳಗೆ ಕಳಿಸಿ. ಬನ್ನಿ ಸಾರ್. ಊಟ ಆಯ್ತು. ಇಲ್ಲ, ಅವನನ್ನ ಕೇಳಬೇಡಿ, ನನ್ನ ಕೇಳಿ.

ಅವನು ಸಾಕು ಅಂದ. ನನಗೆ ಕೇಳಿಸ್ತು.