ಹಮ್ಮಿಂಗ್‌ಬರ್ಡ್ ಫೋಟೋಗೆ ಒಂದು ಸಹಿ

…ಅಲ್ಲ ಆಂಟಿ, ಇದೇನು ಆಸ್ತಿ ಪತ್ರ ಅಲ್ಲ. ಇಲ್ಲಿ, ಈ ಗೆರೆ ಮೇಲೆ 'ಸುಮಿತ್ರವ್ವ' ಅಂತ ಕನ್ನಡದಲ್ಲೇ ಬರೀರಿ, ಕನ್ನಡ ಕೂಟದ್ದೇ ಫಾರ್ಮು. ಮಗುನ ನಾನು ಎತ್ಕೊಳ್ಳಲಾ? ಬೇಡ್ವಾ. ಸರಿ, ತೊಡೆ ಮೇಲೇ ಇರ್ಲಿ. ಫೋಟೋ ಕಳಿಸೋ ಗಡುವು ಬೆಳಿಗ್ಗೆ ಒಂಬತ್ತು ಗಂಟೆಗೆ ಮುಗಿಯುತ್ತೆ, ಈಗ ಎಂಟೂಕಾಲು. ಓದ್ತೀರಾ? ಓದಿ, ಓದಿ. ನಾಲ್ಕೇ ಸಾಲು. ಸಾಮಾನ್ಯವಾಗಿ ಯಾರೂ ಓದಲ್ಲ.

ಸಾಕ್ಷಿ ಯಾಕೆ ಅಂದ್ರೆ… ಹೋದ ವರ್ಷ ಕೂಟದ ಫೋಟೋ ಸ್ಪರ್ಧೆಗೆ ಮೋಹನರಾಜ ಒಂದು ನವಿಲು ಕಳಿಸಿದ್ರು. ಫಸ್ಟ್ ಪ್ರೈಜ್ ಬಂತು. ಕೂಟದ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ ಪೂರ್ತಿ ಅದೇ ನವಿಲು. ಇಪ್ಪತ್ತನೇ ತಾರೀಖು ಇಲ್ಲೇ ಪಕ್ಕದ ಫ್ರಿಸ್ಕೋದಲ್ಲಿ ಯಾವುದೋ ಮಗು ಊಟ ಮಾಡ್ತಾ ಎಣಿಸಿತಂತೆ, ನವಿಲಿಗೆ ಮೂರು ಕಾಲು. ಕಂಪ್ಯೂಟರ್ ಹಡೆದ ನವಿಲು. ಕಮಿಟಿ ನಾಲ್ಕು ಮೀಟಿಂಗ್ ಮಾಡಿ ಈ ಫಾರ್ಮ್ ತಂತು. ಹಕ್ಕಿ ನಿಜವಾದದ್ದು, ಅದಕ್ಕೆ ತೊಂದರೆ ಕೊಟ್ಟಿಲ್ಲ ಅಂತ ಕಂಡವರೊಬ್ಬರು ಸಹಿ ಮಾಡ್ಬೇಕು.

ನಗ್ತೀರಲ್ಲ. ನಿಮಗೆ ಇದು ಸಣ್ಣ ವಿಷಯ. ಆದ್ರೆ ಡಲ್ಲಾಸ್ ಸುತ್ತಮುತ್ತ ಆರುನೂರು ಅಡುಗೆಮನೆ ಆಂಟಿ. ಇಡೀ ತಿಂಗಳು, ಒಗ್ಗರಣೆ ಹಾಕುವಾಗೆಲ್ಲ ಜನರ ಕಣ್ಣೆದುರು 'ಛಾಯಾಚಿತ್ರ: ಪ್ರಭಂಜನ'. ಏಳು ವರ್ಷದಿಂದ ಕಳಿಸ್ತಿದ್ದೀನಿ. ಫೆಬ್ರವರಿ ಕೂಡ ಸಿಕ್ಕಿಲ್ಲ.

ಈ ಹಮ್ಮಿಂಗ್‌ಬರ್ಡ್ ಹಿಂದೆ ನಾನು ಎಷ್ಟು ಅಲೆದಿದ್ದೀನಿ ಗೊತ್ತಾ? ಹೋದ ಸೆಪ್ಟೆಂಬರ್, ಹ್ಯೂಸ್ಟನ್ ಕಡೆ ಸಮುದ್ರದ ಹತ್ತಿರ ಮೂರು ದಿನ. ನಾಲ್ಕು ಸಾವಿರ ಫೋಟೋ. ಮೂರೂವರೆ ಸಾವಿರದಲ್ಲಿ ಬರೀ ಹಕ್ಕಿಗೆ ಅಂತ ತೂಗುಹಾಕಿದ ಸಕ್ಕರೆ ನೀರಿನ ಬಾಟ್ಲಿ. ಮಿಕ್ಕಿದ್ದರಲ್ಲಿ ಬಾಟ್ಲಿ, ಜೊತೆಗೆ ಒಂದು ಬಾಲ. ಸೆಕೆಂಡಿಗೆ ಐವತ್ತು ಸಲ ರೆಕ್ಕೆ ಬಡಿಯುತ್ತೆ ಅದು, ನಾನು ಬಟನ್ ಒತ್ತೋ ಹೊತ್ತಿಗೆ ಮೆಕ್ಸಿಕೋ ದಾಟಿರುತ್ತೆ. ಆಸ್ಟಿನ್‌ಗೂ ಹೋಗಿದ್ದೆ. ಅಲ್ಲೇ ಟೇಲರ್ ಅನ್ನೋ ಊರಲ್ಲಿ ಫ್ರೆಂಡ್ ಮನೆ ಹಿತ್ತಲಲ್ಲಿ ಎರಡು ದಿನ ಹಸಿರು ಬಟ್ಟೆ ಹೊದ್ದು ಕೂತೆ. ಅವರ ನಾಯಿ ಮಾತ್ರ ಬಂತು. ಕೊನೆಗೆ ಅನಘಾನೇ ಹೇಳಿದ್ಳು, "ಹಾರೋದು ನಿಮ್ಮ ಕೈಲಿ ಆಗಲ್ಲ ರೀ, ಕೂತಿರೋದನ್ನ ಹುಡುಕಿ" ಅಂತ. ಹೆಂಡತಿ ಆದವಳು ಇಷ್ಟು ಪ್ರೋತ್ಸಾಹ ಕೊಟ್ರೆ ಸಾಕಲ್ವಾ?

ನೋಡಿದ್ರೆ ಇಲ್ಲೇ, ನಮ್ಮೂರು ಲಿಟಲ್ ಎಲ್ಮ್‌ನಲ್ಲೇ, ನಮ್ಮ ಬೇಲಿ ಪಕ್ಕ, ನಿಮ್ಮ ಮಗಳ ಮನೆ ಮರದಲ್ಲೇ ಗೂಡು. ಮೊದಲು ಕಂಡಿದ್ದು ನೀವು, ಒಪ್ಕೋತೀನಿ. ಮಾನ್ಯಾ ಬಾಣಂತನಕ್ಕೆ ಅಂತ ಹುಬ್ಬಳ್ಳಿಯಿಂದ ಬಂದವರು ಇಲ್ಲಿ ಎರಡು ಬಾಣಂತನ ಶುರು ಮಾಡಿದ್ರಿ. ಅರ್ಧ ನಿಂಬೆಹಣ್ಣಿನಷ್ಟು ಗೂಡು, ಅವರೆಕಾಳಿನಷ್ಟು ಎರಡು ಮೊಟ್ಟೆ. "ಬಾಣಂತಿ ಕುಂತಾಳ, ಹತ್ರ ಹೋಗಬ್ಯಾಡಪಾ" ಅಂದ್ರಿ. ಹೋದ್ನಾ ನಾನು? ಬೇಲಿ ಆಚೆಯಿಂದಲೇ ತೆಗೆದದ್ದು. ಇಷ್ಟುದ್ದ ಲೆನ್ಸ್ ಮತ್ತೆ ಯಾಕಿರೋದು.

ಫೋಟೋ ತೋರಿಸ್ತೀನಿ, ನೋಡಿ. ಕನ್ನಡಕ ಹಾಕ್ಕೊಳ್ಳಿ. ಹೆಸರೂ ನಿಮ್ಮದೇ ಇಟ್ಟಿದ್ದೀನಿ: 'ಬಾಣಂತಿ'. ಒಂದೊಂದು ಗರಿ ಎಣಿಸಬಹುದು. ಅಷ್ಟು ದೊಡ್ಡದು ಮಾಡ್ಬೇಡಿ ಆಂಟಿ… ಕ್ಯಾಲೆಂಡರ್‌ನಲ್ಲಿ ಅಷ್ಟು ದೊಡ್ಡದಾಗಿ ಬರಲ್ಲ.

ಯಾಕೆ, ಮರದ ಕಡೆ ನೋಡ್ತಿದ್ದೀರಿ? ಎಲೆ ವಿಷಯಾನಾ? ಎಲೆ ಒಂದೂ ಅಡ್ಡ ಬಂದಿಲ್ಲ, ಹೌದು. ಅದೃಷ್ಟ. ಗುರುವಾರ ಗಾಳಿ ಜೋರಾಗಿತ್ತಲ್ಲ… ನಿಮಗೆ ಗೊತ್ತಿರಲ್ಲ, ಮಗೂಗೆ ಇಂಜೆಕ್ಷನ್ ಹಾಕಿಸೋಕೆ ಹೋಗಿದ್ರಿ ನೀವೆಲ್ಲ. ಗೇಟು ತೆಗೆದಿತ್ತು. ಮುಚ್ಚೋಣ ಅಂತ ಒಳಗೆ ಬಂದೆ. ಪಕ್ಕದ ಮನೆಯವರು ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ.

ಆ ಕತ್ತರಿಸಿದ ಕೊಂಬೆ ಕಡೆ ಬೆರಳು ತೋರಿಸ್ಬೇಡಿ ಆಂಟಿ. ಬೈದ್ರೂ ನಡೆಯುತ್ತೆ.

ಎರಡೇ ಕೊಂಬೆ. ಬೆರಳಿನಷ್ಟು. …ಮೂರು. ಕಾಲೋನಿಯವರೇ ಮರ ಸವರಿಸಿ ಅಂತ ತಿಂಗಳಿಗೊಂದು ನೋಟೀಸ್ ಕಳಿಸ್ತಾರೆ, ಒಂದು ಲೆಕ್ಕದಲ್ಲಿ ನಿಮ್ಮ ಅಳಿಯನ ಕೆಲಸ ನಾನು ಮಾಡಿದೆ. ಹಕ್ಕಿ ಹೆದರಲೂ ಇಲ್ಲ. ಹೆದರಿದ್ರೆ ಹಾರಿಹೋಗ್ತಿತ್ತಲ್ವಾ? ನಲವತ್ತು ನಿಮಿಷ ಜಾಗ ಬಿಟ್ಟು ಕದಲಲಿಲ್ಲ. ಏಳು ವರ್ಷದಲ್ಲಿ ಒಂದು ಹಕ್ಕಿ ನನಗೋಸ್ಕರ ಕೂತದ್ದು ಅದೇ ಮೊದಲು. ನೋಡಿ, ರೆಕ್ಕೆ ಹೇಗೆ ಅಗಲಿಸಿದೆ, ಪೋಸ್ ಕೊಟ್ಟ ಹಾಗೆ. ಕೊಕ್ಕೂ ತೆರೆದಿದೆ. ಹಾಡ್ತಿದೆ ಅದು. ಹಾಡ್ತಿತ್ತು… ದನಿ ನನಗೆ ಕೇಳಿಸ್ಲಿಲ್ಲ. ಸಣ್ಣ ಹಕ್ಕಿ ಅಲ್ವಾ.

ಯಾಕೆ ಆಂಟಿ, ಮಗು ಮುಖದ ಮೇಲೆ ಸೆರಗು ಹಿಡಿದ್ರಿ?

ಬಿಸಿಲು. ಹೌದು, ಇಲ್ಲಿಗೂ ಬಂತು.

…ಓ.

ಹಕ್ಕಿ ಬಾಯಿ ಬಿಟ್ಟಿದ್ದು ಸೆಕೆಗೆ. ರೆಕ್ಕೆ, ಮೊಟ್ಟೆಗೆ ಬಿಸಿಲು ಬೀಳದ ಹಾಗೆ ಅಡ್ಡ. ಗೊತ್ತು ನನಗೆ. ಆವತ್ತೇ, ಅಲ್ಲಿ ನಿಂತಾಗಲೇ ಗೊತ್ತಾಯ್ತು. ಗೊತ್ತಾದ ಮೇಲೂ ಇಪ್ಪತ್ತು ನಿಮಿಷ ತೆಗೆದೆ. ರೆಕ್ಕೆ ತುಂಬ ಚೆನ್ನಾಗಿ ಬರ್ತಿತ್ತು.

ಶುಕ್ರವಾರದಿಂದ ಗೂಡಿಗೆ ಯಾರೂ ಬಂದಿಲ್ಲ, ಅಲ್ವಾ? ನಾನೂ ಬೇಲಿ ಹತ್ತಿರ ನಿಂತು ನೋಡ್ತಾನೇ ಇದ್ದೀನಿ.

ಪೆನ್ನು ನನ್ನ ಕಡೆ ತಳ್ಳಬೇಡಿ. ಏನಂತ ಬರೀಲಿ ನಾನು… ಆಂಟಿ, ಮರದಲ್ಲಿ ನೆರಳು ಇತ್ತು. ನಾನು ಬರೋ ತನಕ ಇತ್ತು.