ಹತ್ತೊಂಬತ್ತನೇ ಲೈನು

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಯಾರೋ ಕಟ್ಟಿ ಹೇಳಿದ್ದಲ್ಲ, ನಮ್ಮ ಎದುರು ಮನೆಯ ಹಲೋ ಅತ್ತೆಗೆ ಆದದ್ದು. ರೈಲ್ವೆಯ ಟೆಲಿಫೋನ್ ಕೋಣೆಯಲ್ಲಿ ಆಯುಸ್ಸು ಸವೆಸಿದವಳು. ಅಂಗಡಿಯಲ್ಲಿ ಸೋಪು ಕೇಳುವಾಗಲೂ ಬಾಯಲ್ಲಿ ಮೊದಲು "ಹಲೋ" ಅಂತಲೇ ಬರುತ್ತಿತ್ತು.

ಅವತ್ತು ರಾತ್ರಿ ಅತ್ತೆ, ಹಿಂದೆ ರೈಲ್ವೆಯ ದೊಡ್ಡ ಅಧಿಕಾರಿಯಾಗಿದ್ದ ಸಾಹೇಬರ ಮನೆಯಿಂದ ಒಬ್ಬಳೇ ನಡೆದು ಬರುತ್ತಿದ್ದಳು. ರೈಲ್ವೆ ಆಫೀಸಿನ ಹಿಂದೆ ಹಾಳು ಬಾವಿ ಇದೆಯಲ್ಲ, ಅದೇ ದಾರಿ. ಚೀಲದಲ್ಲಿ ಒಂದು ಕಾಗದ. ಬೆಳಗಾದರೆ ಹೊಳೆಯ ರೈಲು ಸೇತುವೆ ಮುರಿದು ನಲವತ್ತು ವರ್ಷ. ಆ ದಿನ ಟೆಲಿಫೋನ್ ಬೋರ್ಡಿನ ಮುಂದೆ ಇದ್ದವಳು ಇವಳೇ ಆದ್ದರಿಂದ, ವೇದಿಕೆ ಹತ್ತಿ ಕಾಗದ ಓದಿ ಸಹಿ ಹಾಕಬೇಕು. ಅದರಲ್ಲಿ ಇದ್ದದ್ದು ಇಷ್ಟು: ಸೇತುವೆ ಕಾವಲಿನವನು ನಿದ್ದೆ ಹೊಡೆದಿದ್ದ, ಯಾರಿಗೂ ಫೋನು ಮಾಡಲಿಲ್ಲ, ಸಾಹೇಬರು ಮಾತ್ರ ಅನ್ನ ನೀರು ಬಿಟ್ಟು ದುಡಿದರು. ಇದನ್ನೇ ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಬದುಕಿರುವಾಗಲೇ ತನ್ನ ಹೊಗಳಿಕೆ ತಾನೇ ಬರೆದು, ಅಕ್ಷರ ಎಷ್ಟು ದಪ್ಪ ಇರಬೇಕು ಅಂತಲೂ ಹೇಳಿಕೊಟ್ಟ ಮಹಾನುಭಾವ.

ಅದು ಸುಳ್ಳು ಅಂತ ಅತ್ತೆಗೆ ಗೊತ್ತಿತ್ತು... ಸಾಹೇಬರನ್ನು ಬಿಟ್ಟರೆ ಅವಳಿಗೊಬ್ಬಳಿಗೇ.

ಆಗ ಅವಳಿಗೆ ಹದಿನಾರು. ಕೆಲಸಕ್ಕೆ ಸೇರಿ ಒಂಬತ್ತನೇ ದಿನ. ಯಾರಾದರೂ ಫೋನು ಮಾಡಿದರೆ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಹಿತ್ತಾಳೆ ಮುಚ್ಚಳ 'ಟಿಕ್' ಅಂತ ಬೀಳುತ್ತಿತ್ತು. ವೈರಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಕೇಳಿದವರ ತೂತಿಗೆ ಸಿಕ್ಕಿಸಬೇಕು. ಹೇಳಿಕೊಟ್ಟ ಮೊದಲ ಪಾಠವೇ, ಸಾಹೇಬರು ಮಾತಾಡುವಾಗ ನಡುವೆ ಬಾಯಿ ಹಾಕಿದರೆ ಮನೆಗೆ ನಡಿ ಅಂತ.

ಆ ಸಂಜೆ ಹತ್ತೊಂಬತ್ತನೇ ಮುಚ್ಚಳ ಬಿತ್ತು. ಸೇತುವೆ ಕಾವಲಿನವನು. ಹೊಳೆ ಉಕ್ಕಿದೆ, ನಡುಗಂಬ ವಾಲಿದೆ, ರೈಲು ನಿಲ್ಲಿಸೋಕೆ ಸಾಹೇಬರ ಅಪ್ಪಣೆ ಬೇಕು, ಬೇಗ ಲೈನು ಕೊಡಮ್ಮ ಅಂದ. ಸಾಹೇಬರ ಲೈನು ಖಾಲಿ ಇರಲಿಲ್ಲ. ಬೀಗರ ಜೊತೆ ಮಾತು... ಸೋಫಾಕ್ಕೆ ಹಸಿರು ಬಟ್ಟೆಯೋ, ಕಂದು ಬಟ್ಟೆಯೋ. ಹುಡುಗಿ ಪಾಠ ಮರೆಯಲಿಲ್ಲ. ಸ್ವಲ್ಪ ತಾಳಿ ಅಂದಳು. ಅವನು ತಾಳಿದ. ಇವಳು ಬೋರ್ಡಿನ ಕೀಲಿ ಆಚೆ ತಳ್ಳಿದರೆ ಕಿವಿಯಲ್ಲಿ ಸೋಫಾ, ಈಚೆ ಎಳೆದರೆ ಹೊಳೆ. ಹನ್ನೊಂದು ನಿಮಿಷ. ಕಂದು ಬಟ್ಟೆ ಅಂತ ತೀರ್ಮಾನ ಆಗುವ ಹೊತ್ತಿಗೆ ಆ ಕಡೆ ಕಬ್ಬಿಣ ಸೀಳುವ ಸದ್ದು... ಆಮೇಲೆ ನೀರು... ಆಮೇಲೆ ಅದೂ ಇಲ್ಲ.

ರೈಲಿನಲ್ಲಿದ್ದ ಮುನ್ನೂರು ಜನ ಹೋದರು. ದೇಶದಲ್ಲಿದ್ದ ಬಾವುಟವೆಲ್ಲ ಅರ್ಧಕ್ಕಿಳಿಯಿತು. ದೊಡ್ಡವರು ಬಂದರು. ಬೂಟಿಗೆ ಕೆಸರು ತಾಗದಂತೆ ಹಲಗೆ ಹಾಸಿಸಿಕೊಂಡು ಅತ್ತರು, ಕ್ಯಾಮೆರಾ ಮುಚ್ಚಿದ ಕೂಡಲೇ ಕಾಫಿ ಕೇಳಿದರು. ತನಿಖೆಯಲ್ಲಿ ಸಾಹೇಬರು, ಹುಡುಗಿಯಿಂದ ಎಲ್ಲ ಕೇಳಿ ತಿಳಿದೂ, ಕಾವಲಿನವನು ಮಲಗಿದ್ದ ಅಂದರು. ಹೊಳೆ ಪಾಲಾದವನು ಎದ್ದು ಬಂದು ಇಲ್ಲ ಅನ್ನುತ್ತಾನಾ? ಹುಡುಗಿ ತಲೆ ತಗ್ಗಿಸಿದಳು. ಕೆಲಸ ಉಳಿಯಿತು. ಅವನ ಮನೆಯ ಕಿಟಕಿಗೆ ಜನ ಕಲ್ಲು ಹೊಡೆದು, ಹೆಂಡತಿ ಮಗಳನ್ನು ಊರು ಬಿಡಿಸಿದರು. ಆ ಮಗಳು ಈಗಲೂ ವರ್ಷಕ್ಕೊಮ್ಮೆ ಬಂದು ಸಭೆಯ ಹಿಂದೆ ನಿಲ್ಲುತ್ತಾಳೆ. ಕೂತುಕೋ ಅನ್ನುವವರಿಲ್ಲ.

ಅತ್ತೆ ಬಾವಿ ದಾಟಿದಳು.

ಟಿಕ್.

ನಿಂತಳು. ಬಾವಿಯ ಕಪ್ಪೆ ಇರಬೇಕು ಅಂದುಕೊಂಡಳು. ಕಪ್ಪೆ ಎಲ್ಲಾದರೂ ಹಿತ್ತಾಳೆ ಸದ್ದು ಮಾಡುತ್ತದಾ?

ಬಾವಿ ಪಕ್ಕದ ಹಳೆಯ ಟೆಲಿಫೋನ್ ಕೋಣೆಗೆ ಸುಣ್ಣ ಬಳಿದು, ಒಣಗಲಿ ಅಂತ ಬಾಗಿಲು ತೆರೆದಿಟ್ಟಿದ್ದರು, ನಾಳೆ ಬರುವ ದೊಡ್ಡವರಿಗೆ ತೋರಿಸೋಕೆ. ಅತ್ತೆ ಒಳಗೆ ಕಾಲಿಟ್ಟಳು, ಎದುರಿಗೇ ಬೋರ್ಡು. ಹೊರಗಿನಿಂದ ಬರುವ ಅದರ ವೈರು ಕತ್ತರಿಸಿಯೇ ಇಪ್ಪತ್ತು ವರ್ಷ... ಹತ್ತೊಂಬತ್ತನೇ ಮುಚ್ಚಳ ಬಿದ್ದಿತ್ತು.

ಕೈ ತಾನಾಗಿ ಹೋಯಿತು. ಕಿವಿಗೆ ಹೆಡ್‌ಫೋನು ಏರಿಸಿ ವೈರು ಸಿಕ್ಕಿಸಿದಳು. ಜನ್ಮದಲ್ಲಿ ಮೊದಲ ಸಲ ಹಲೋ ಅನ್ನಲು ಬಾಯಿ ಬರಲಿಲ್ಲ. ಕಿವಿಯಲ್ಲಿ ನೀರು... ಗುಳು ಗುಳು...

"ಲೈನು ಬಿಡುವಾಯ್ತೇನಮ್ಮ?"

ಪಿಸುಮಾತು. ಸಿಟ್ಟಿಲ್ಲ, ಬೈಗುಳ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

"ಆಯ್ತಣ್ಣ," ಅಂದಳು. "ಈಗ ಕೊಡ್ತೀನಿ."

ಇನ್ನೊಂದು ತುದಿಯನ್ನು ಸಾಹೇಬರ ತೂತಿಗೆ ಸಿಕ್ಕಿಸಿ ಗಂಟೆಯ ಹಿಡಿಕೆ ತಿರುಗಿಸಿದಳು. ಗರ್ರ್... ಗರ್ರ್... ಆ ಫೋನಿದ್ದ ಬಂಗಲೆ ಕೆಡವಿ ಎಷ್ಟೋ ಕಾಲ. ಆದರೂ ಎತ್ತಿದರು.

"ಯಾರದು ಈ ಹೊತ್ತಲ್ಲಿ?"

ಎಂಬತ್ತೈದಾದರೂ ಅದೇ ಗತ್ತು. ಅತ್ತೆ ಕೀಲಿ ತಳ್ಳಿ ಎರಡೂ ಲೈನು ಕೂಡಿಸಿ, ಹೆಡ್‌ಫೋನು ಕಳಚಿಟ್ಟು ಮನೆಗೆ ಬಂದಳು. ಅವರಿಬ್ಬರ ಮಾತು ಅವರಿಬ್ಬರದು.

ಬೆಳಗ್ಗೆ ವೇದಿಕೆ ಹತ್ತಿದಳು. ಕಾಗದ ತೆಗೆಯಲೇ ಇಲ್ಲ. "ಕಾವಲಿನವನು ಫೋನು ಮಾಡಿದ್ದ," ಅಂದಳು. "ತಾಳಿ ಅಂದವಳು ನಾನು. ಸಾಹೇಬರು ಸೋಫಾ ಬಟ್ಟೆ ಆರಿಸ್ತಾ ಇದ್ದರು." ಮುಂದಿನ ಸಾಲಿನವರಿಗೆಲ್ಲ ಒಟ್ಟಿಗೇ ಕೆಮ್ಮು ಬಂತು. ಯಾರೋ ಓಡಿ ಹೋಗಿ ಮೈಕಿನ ವೈರು ಕಿತ್ತ. ಹೇಳಿ ಆಗಿಹೋಗಿತ್ತು. ಹಿಂದೆ ನಿಂತಿದ್ದ ಮಗಳು ಮುಖ ಮುಚ್ಚಿಕೊಂಡು ನೆಲದ ಮೇಲೇ ಕುಸಿದು ಕೂತಳು.

ಸಾಹೇಬರು ಮಾತ್ರ ದೊಡ್ಡ ಕುರ್ಚಿಯಲ್ಲಿ ನಗುನಗುತ್ತಾ ಚಪ್ಪಾಳೆ ತಟ್ಟುತ್ತಿದ್ದರು. ತನ್ನನ್ನು ಹೊಗಳುತ್ತಿದ್ದಾಳೆ ಅಂತ ತಿಳಿದಿದ್ದರು ಪಾಪ. ಎಡಗಿವಿ ಮೊದಲೇ ಮಂದ. ಬಲಗಿವಿ ಆ ರಾತ್ರಿಯಿಂದ ಕಟ್ಟಿಹೋಗಿತ್ತು.

ಆಸ್ಪತ್ರೆಯ ಕಂಪೌಂಡರ್ ನನ್ನ ತಂಗಿಯ ಅಳಿಯ. ಆ ಕಿವಿಯನ್ನು ಪಿಚಕಾರಿ ಹಿಡಿದು ತೊಳೆದವನು ಅವನೇ. ಗುಗ್ಗೆ ಬರಲಿಲ್ಲವಂತೆ. ಮರಳು ಬಂತಂತೆ... ಒದ್ದೆ ಮರಳು, ಒಂದು ಬಟ್ಟಲು ತುಂಬ. ಅವನು ಇನ್ನೂ ಅಲ್ಲೇ ಕೆಲಸದಲ್ಲಿದ್ದಾನೆ, ನಂಬದಿದ್ದರೆ ಹೋಗಿ ಕೇಳಿ.