ಹಸಿ ಅರಗಿನ ಪೆಟ್ಟಿಗೆ

ಹಲೋ… ಯಾರು ಮಾತಾಡೋದು? … ಓ, ಸೊಸೇನಾ? ನಾನಮ್ಮಾ, ಕನಾಜಾವಾದಿಂದ ಶಿಗೇನೊ, ಪದಕದಂಗಡಿಯವನು. ನಿಮ್ಮ ಮಾವ ಇಸಾಕು ಇದಾನಾ? … ಬಟ್ಟಲಿಗೆ ಅರಗು ಬಳೀತಿದ್ರೂ ಸರಿ, ಕೈ ಒರೆಸ್ಕೊಂಡು ಬರೋಕೆ ಹೇಳು.

… ಹಾಂ, ಇಸಾಕು. ಹಿಮದ ಮಾತು ಆಮೇಲೆ ಆಡೋಣ. ಒಂದು ಕೇಳ್ತೀನಿ, ನೆಟ್ಟಗೆ ಹೇಳು. ಹೋದ ತಿಂಗಳು ತಂದುಕೊಟ್ಟೆಯಲ್ಲ, ಉದಯಸೂರ್ಯ ಪದಕ, ಕರಿ ಪೆಟ್ಟಿಗೆ ಸಮೇತ. ಆ ಪೆಟ್ಟಿಗೆ ಎಲ್ಲಿ ಸಿಕ್ತು?

… ಹಳೇ ಮನೆ ಅಟ್ಟದಲ್ಲಿ. ಅಲ್ವಾ? ಯಾರ ಮನೆ? … ಮರೆತೇಹೋಯ್ತಾ!

… ಯಾಕೆ ಕೇಳ್ತಿದೀನಾ? ನಾಳೆ ಗಿರಾಕಿ ಬರ್ತಾರೆ ಅಂತ ನಿನ್ನೆ ನನ್ನ ಹೆಂಡ್ತಿ ಫುಮಿಯೆ ಅದನ್ನ ಒರೆಸಿಟ್ಟಳು. ಬೆಳಿಗ್ಗೆ ನೋಡಿದ್ರೆ ಎರಡೂ ಕೈ ಊದಿ, ಕೆಂಪಗೆ ಬೊಬ್ಬೆ. ಹಸಿ ಅರಗು, ಆ ಮರದ ಹಾಲು, ತಾಗಿದ್ರೆ ಮಾತ್ರ ಅವಳಿಗೆ ಹಾಗಾಗೋದು. ಎಂಬತ್ತು ವರ್ಷ ಒಣಗಿದ ಪೆಟ್ಟಿಗೆ ಯಾರ ಕೈಯನ್ನೂ ಊದಿಸಲ್ಲ ಕಣೋ. ಇದನ್ನ ನಿನಗೆ ನಾನು ಹೇಳಬೇಕಾ?

… ನಗಬೇಡ. … ಮೆರುಗು ಹೋಗಿತ್ತು, ಮೇಲೊಂದು ಕೈ ಬಳಿದೆ, ಅಷ್ಟೇನಾ? ಸುಳ್ಳು! ತಳದ ಬಟ್ಟೆ ಎಬ್ಬಿಸಿ ನೋಡಿದೀನಿ. ಒಳಗೆ ಮರ ಬೆಳ್ಳಗಿದೆ, ಮೊನ್ನೆ ಮೊನ್ನೆ ಕೊಯ್ದ ಮರ.

… ಹಾಂ? ಜೋರಾಗಿ ಹೇಳು. … ನೀನೇ ಮಾಡಿದ್ದು.

… ಅಯ್ಯೋ ಇಸಾಕು. ಪದಕ ಯಾವ ಕಾಲದ್ದಾದ್ರೂ ಒಂದೇ ಥರ, ಕಾಲ ಹೇಳೋದು ಪೆಟ್ಟಿಗೆ ಅಂತ ನಿನಗೆ ಹೇಳಿಕೊಟ್ಟೋನೇ ನಾನು. ಎಂಬತ್ತು ವರ್ಷದ ಹಿಂದೆ ರಷ್ಯಾ ಯುದ್ಧದ ಹೊತ್ತಿಗೆ ಮುಚ್ಚಳದ ಚಿನ್ನದ ಅಕ್ಷರ ಹೇಗಿರ್ತಿತ್ತು, ಒಳಗಿನ ನೇರಳೆ ಬಟ್ಟೆ ಹೇಗೆ, ಕೊನೇ ಮಹಾಯುದ್ಧದಲ್ಲಿ ಮರ ಹೋಗಿ ರಟ್ಟು ಹೇಗೆ ಬಂತು… ನಿನ್ನ ಒಲೆ ಮುಂದೆ ಕೂತು, ಅಕ್ಕಿ ಹೆಂಡ ಕುಡೀತಾ, ಒಂದನ್ನೂ ಮುಚ್ಚಿಡದೆ ಹೇಳ್ದೆ. ಗೆಳೆಯ ಕೇಳ್ತಿದಾನೆ ಅಂದ್ಕೊಂಡೆ. ನೀನು ಅಳತೆ ತಗೋತಿದ್ದೆಯಾ?

… ಯಾರಿಗೇನು ನಷ್ಟ ಅಂತೀಯಾ? ನಾಳೆ ಬರೋ ಗಿರಾಕಿ, ನಾಗುಮೊ ಅವರಿಗೆ ಏನು ಹೇಳ್ಲಿ? ರಷ್ಯಾ ಯುದ್ಧದಲ್ಲಿ ಅವರಜ್ಜನಿಗೆ ಬಂದ ಪದಕ ಮನೆ ಜೊತೆ ಸುಟ್ಟುಹೋಗಿತ್ತು. ಅಜ್ಜನ ಕಾಲದ್ದೇ ಒಂದು ಸಿಕ್ರೆ ಮನೆ ಬುದ್ಧನ ಮುಂದೆ ಇಡ್ತೀನಿ ಅಂದ್ರು. ಇದು ಅದೇ ಕಾಲದ್ದು ಅಂತ ನಾನು ಬಾಯಿಬಿಟ್ಟು ಹೇಳ್ದೆ. ಅಷ್ಟು ವಯಸ್ಸಾದವರು, ಚಾಪೆಗೆ ಹಣೆ ಹಚ್ಚಿ ಅತ್ರು ಕಣೋ ನನ್ನೆದುರು.

… ನಾನು ಸುಮ್ನಿದ್ರೆ ಅವರಿಗೆ ಗೊತ್ತಾಗಲ್ಲ ಅಂತೀಯಾ? ಥೂ!

… ಇನ್ನೂ ಎಷ್ಟಿವೆ? ನಾನು ಕಾಲ ಹೇಳಿ ಕೊಟ್ಟವುಗಳಲ್ಲಿ ನಿನ್ನವು ಯಾವ್ಯಾವು? … ನೆನಪಿಲ್ವಾ? ಬೇಡ ಬಿಡು, ನಾನೇ ಹುಡುಕ್ತೀನಿ. ಅಂಗಡಿ ತೆರೆದ ವರ್ಷ ನೀನು ಉಡುಗೊರೆ ಕೊಟ್ಟ ಪೆಟ್ಟಿಗೆ ಇದೆಯಲ್ಲ, ನಾನು ಎಲ್ಲ ಕಲಿತದ್ದೇ ಅದನ್ನ ನೋಡಿ. ಒಂದೊಂದನ್ನೂ ತರಿಸಿ ಅದರ ಪಕ್ಕ ಇಟ್ಟು…

… ಅದರ ಪಕ್ಕ ಇಟ್ಟು ನೋಡಬೇಡ ಅಂದ್ರೆ ಏನರ್ಥ?

… ಇಸಾಕು, ಅದು ನಿಮ್ಮಪ್ಪ ಜೋಪಾನ ಮಾಡಿಟ್ಟಿದ್ದು ಅಂದಿದ್ದೆ. ಅಂದಿದ್ದೆ ತಾನೇ?

… ಅದೂನಾ?

… ಹಾಗಾದ್ರೆ ಇಷ್ಟು ವರ್ಷ ನಾನು ನಿನ್ನ ಕೈಕೆಲಸಾನೇ ನಿನಗೆ ಪಾಠ ಹೇಳ್ತಿದ್ನಾ? ನೀನು ತಲೆ ಆಡಿಸ್ಕೊಂಡು ಕೇಳ್ತಿದ್ದೆಯಾ?

… ಇಡಬೇಡ. ಫೋನ್ ಇಡಬೇಡ ಕಣೋ. ನಾಳೆ ನಾಗುಮೊ ಅವರು ಬಂದು ಕೇಳ್ತಾರೆ. ನಿಜವಾದ ಪೆಟ್ಟಿಗೆ ಹೇಗಿರತ್ತೆ, ಅದನ್ನಾದ್ರೂ ಹೇಳು, ಇಸಾ…